ಹೇಗೆ ಬಂತು?

ರೋಗಿಯನ್ನು ಕಾಣಹೋದವರು ಮೊದಲು ಕೇಳುವ ಮಾತು "ಹೇಗೆ ಬಂತು?" ಎಂಬುದು. ನೆಗಡಿಯಾದರೆ ಮಳೆಯಲ್ಲಿ ನೆನೆದದ್ದು, ಹೊಟ್ಟೆನೋವಾದರೆ ಜಾತ್ರೆಯ ತಿನಿಸು, ಹೀಗೆ ಉತ್ತರವೂ ಸಿದ್ಧವಾಗಿರುವುದು. ಈ ಮಾತಿನಲ್ಲಿ ದೋಷವಿರಬಹುದೆಂದು ನಾನು ಎಂದೂ ಎಣಿಸಿರಲಿಲ್ಲ.

ನನ್ನಲ್ಲಿ ಕಲಿತು ಇಚಲಕರಂಜಿಗೆ ದುಡಿಯಲು ಹೋಗಿದ್ದ ಹುಡುಗನೊಬ್ಬನು ಒಂದು ಸಂಜೆ ಉತ್ತೂರಿನ ನಮ್ಮ ಮನೆಗೆ ಬಂದನು. (ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ರಕ್ತಪರೀಕ್ಷೆಯ ಇಂಗ್ಲಿಷ್ ಕಾಗದವನ್ನು ನನ್ನಿಂದ ಓದಿಸಿಕೊಳ್ಳುವುದಿತ್ತು. ಎಚ್‌.ಐ.ವಿ. ಹಾಗೂ ಹೆಪಟೈಟಿಸ್ ಸಿ, ಎರಡೂ ಅದರಲ್ಲಿದ್ದವು. ಓದಿ ಹೇಳಿದ ಬಳಿಕ ನನ್ನ ಬಾಯಿಂದ ಹೊರಟ ಮೊದಲ ಮಾತು: "ಹ್ಯಾಂಗ ಬಂತೋ ತಮ್ಮಾ?" ಅವನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟು, "ಬರತೇನ್ರಿ ಗುರುಗಳ" ಎಂದು ಎದ್ದುಹೋದನು.

ಯಕೃತ್ತು ಮೂಕ ಅಂಗ. ಹೆಪಟೈಟಿಸ್ ಸಿ ವಿಷಾಣು ಅದರಲ್ಲಿ ವರ್ಷಗಟ್ಟಲೆ ನೆಲೆಸಿದರೂ ನೋವಿನ ಸುಳಿವಿರದು. ಒಳಗೆ ಮಾತ್ರ ಗಾಯವಾಗಿ, ಮಾಯ್ದು, ಕಲೆಯುಳಿದು, ಮೃದುವಾದುದು ಗಟ್ಟಿಯಾಗುತ್ತ ಹೋಗುವುದು. ಒಂದೇ ಸೋಂಕಾದರೆ ಇದಕ್ಕೆ ಸಾಮಾನ್ಯವಾಗಿ ಎರಡು ಮೂರು ದಶಕಗಳು ಹಿಡಿಯುವುವು. ಎಚ್‌.ಐ.ವಿ. ದೇಹದ ರಕ್ಷಣಾಬಲವನ್ನು ಕುಂದಿಸುವುದರಿಂದ, ಎರಡೂ ಕೂಡಿದಲ್ಲಿ, ಅದರಲ್ಲಿಯೂ ಔಷಧವಿಲ್ಲದಿದ್ದಲ್ಲಿ, ಈ ಅವಧಿ ಬಹಳ ಕಿರಿದಾಗುವುದು. ಕಾಮಾಲೆ ಕಣ್ಣಿಗೆ ಕಾಣುವ ಹೊತ್ತಿಗೆ ಎಷ್ಟೋ ವೇಳೆ ತಡವಾಗಿರುತ್ತದೆ.

"ಹೇಗೆ ಬಂತು?" ಎಂದು ವೈದ್ಯನೂ ಕೇಳುವನು. ಅವನ ಪ್ರಶ್ನೆಗೆ ಅರ್ಥವಿದೆ: ಬಂದ ದಾರಿ ತಿಳಿದರೆ ಇನ್ನೊಬ್ಬರನ್ನು ಉಳಿಸಬಹುದು. ನಾನೇಕೆ ಕೇಳಿದೆನು? ನನ್ನಲ್ಲಿ ಔಷಧವಿರಲಿಲ್ಲ. ಇದ್ದುದು ಕರುಣೆ ಮಾತ್ರ. ಅದನ್ನು ಎಷ್ಟು ಅಳೆದು ಕೊಡಬೇಕೆಂದು ತಿಳಿಯಲು ಕೇಳಿದೆನೆಂದು ಈಗ ನಾಚಿಕೆಯಿಂದ ಒಪ್ಪುತ್ತೇನೆ. ಆಸ್ಪತ್ರೆಯಲ್ಲಿ ರಕ್ತ ಪಡೆದು ಬಂದುದಾದರೆ ಪೂರ್ಣ, ಬೇರೆ ಬಗೆಯದಾದರೆ ಅರ್ಧ!

2018ರ ಆರಂಭದಲ್ಲಿ ಉತ್ತರಪ್ರದೇಶದ ಉನ್ನಾವ್ ಜಿಲ್ಲೆಯ ಬಾಂಗರಮಊ ಸೀಮೆಯಲ್ಲಿ ಹತ್ತಾರು ಜನರಿಗೆ ಎಚ್‌.ಐ.ವಿ. ಇರುವುದು ಬೆಳಕಿಗೆ ಬಂದಿತು. ಅವರಲ್ಲಿ ಮಕ್ಕಳೂ ಮುದುಕರೂ ಇದ್ದರು. ಶೋಧನೆಯ ಬೆರಳು ತಿರುಗಿದ್ದು ಅಶುದ್ಧ ಸೂಜಿಯ ಕಡೆಗೆ. ಸೋಂಕಿತರಲ್ಲಿ ಅನೇಕರಿಗೆ ಹೆಪಟೈಟಿಸ್ ಸಿ ಕೂಡ ಇದ್ದಿತು. ಗುಳಿಗೆ ಕೊಟ್ಟರೆ ಮುಖ ಸಣ್ಣದು ಮಾಡಿ, "ಒಂದು ಸೂಜಿ ಮಾಡ್ರಿ ಡಾಕ್ಟರ" ಎಂದು ತೋಳು ಚಾಚುವವರು ನಮ್ಮಲ್ಲಿ ಕಡಿಮೆಯೇ? ನಾನೂ ಚಾಚಿದವನೇ. ಆ ಸೂಜಿ ಹೊಸತೋ ಹಳತೋ ಎಂದು ಒಮ್ಮೆಯೂ ನೋಡಿದವನಲ್ಲ. ಹಾಗಾದರೆ ನನಗೂ ಅವನಿಗೂ ನಡುವಣ ಅಂತರ ಗುಣದ್ದೋ, ದೈವದ್ದೋ?

"ಮಣಿಪುರದ ತರುಣರು ಮಾದಕ ದ್ರವ್ಯಕ್ಕಾಗಿ ಒಂದೇ ಸೂಜಿಯನ್ನು ಹಂಚಿಕೊಂಡು ಈ ಎರಡೂ ರೋಗ ಪಡೆದರು, ಅದು ಅವರ ತಪ್ಪಲ್ಲವೇ?" ಎಂದು ನಮ್ಮ ಸಹೋದ್ಯೋಗಿಗಳೊಬ್ಬರು ವಾದಿಸಿದರು. ತಪ್ಪೆಂದೇ ಇಟ್ಟುಕೊಳ್ಳೋಣ. ಮಗ್ಗಿ ತಪ್ಪಿದ ಹುಡುಗನನ್ನು ನಾವು ತಿದ್ದುತ್ತೇವೆ. ಮಧ್ಯಾಹ್ನದ ಊಟದ ಸಾಲಿನಿಂದ ಎಬ್ಬಿಸುವುದಿಲ್ಲ. ತಪ್ಪಿಗೂ ಶಿಕ್ಷೆಗೂ ಇರಬೇಕಾದ ಅಳತೆ ತರಗತಿಯಲ್ಲಿ ನಮಗೆ ಗೊತ್ತಿದೆ, ಕಟ್ಟೆಯ ಮೇಲೆ ಕುಳಿತಾಗ ಮರೆಯುತ್ತದೆ.

ಸೋಂಕಿತರನ್ನು ಭೇದದಿಂದ ಕಾಣಬಾರದೆಂದು 2017ರಲ್ಲಿ ಶಾಸನವಾಗಿದೆ. ಎಚ್‌.ಐ.ವಿ.ಗೆ ಜೀವನಪರ್ಯಂತ ಸೇವಿಸಬೇಕಾದ ಔಷಧವು ಸರಕಾರದಿಂದ 2004ರಿಂದ ಉಚಿತವಾಗಿ ದೊರೆಯುತ್ತಿದೆ. ಹೆಪಟೈಟಿಸ್ ಸಿ ಅಂತೂ ಪೂರ್ಣ ಗುಣವಾಗುವ ರೋಗ. ಅದರ ಗುಳಿಗೆಗಳ ಒಂದು ಸರದಿಗೆ ಮೊದಲು ಅಮೇರಿಕೆಯಲ್ಲಿ 84,000 ಡಾಲರ್ ಬೆಲೆಯಿತ್ತು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅದೂ ಉಚಿತ. ಸಾಮಾನ್ಯವಾಗಿ 12 ವಾರ ಸಾಕು. ಎರಡೂ ಸೋಂಕಿದ್ದವರಿಗೂ ಫಲ ಹೆಚ್ಚುಕಡಿಮೆ ಅಷ್ಟೇ. ಆದರೆ ಗುಳಿಗೆ ಕೊಡುವ ಬಾಗಿಲಿಗೆ ರೋಗಿ ಹೋಗಬೇಕಷ್ಟೆ! ನನ್ನ ಹೊಸ್ತಿಲಿನಿಂದ ಅವನು ಹಿಂದಿರುಗಿದಂತೆ ಎಲ್ಲ ಹೊಸ್ತಿಲುಗಳಿಂದಲೂ ಹಿಂದಿರುಗಿದ್ದರೆ?

ಮರುವರ್ಷ ಗಡಹಿಂಗ್ಲಜದ ಬಸ್ ನಿಲ್ದಾಣದಲ್ಲಿ ಅವನೇ ನನ್ನನ್ನು ಕಂಡು ಹತ್ತಿರ ಬಂದನು. "ಒಂದು ಹೋತ್ರಿ ಗುರುಗಳ. ಮೂರು ತಿಂಗಳ ಗುಳಿಗಿ ತಗೊಂಡೆ, ಮತ್ತ ಮೂರು ತಿಂಗಳಿಗೆ ತಪಾಸ ಮಾಡಿದ್ರು, ಇಲ್ಲ ಅಂದ್ರು. ಇನ್ನೊಂದರ ಗುಳಿಗಿ ದಿನಾ ನಡದಾವ." ಮೈ ತುಂಬಿಕೊಂಡಿದ್ದನು. ಇಬ್ಬರೂ ಚಹ ಕುಡಿದೆವು. ಮಗ್ಗದ ಪಾಳಿಯ ಮಾತು, ಅವನ ತಂಗಿಯ ಮದುವೆಯ ಮಾತು ಬಂದವು. ಆಜರೆಯ ಬಸ್ಸು ಬರುವವರೆಗೂ ನಾನು ಬೇರೇನನ್ನೂ ಕೇಳಲಿಲ್ಲ.