ಓದಿದೆ, ನೋಡಿದೆ, ಕೇಳಿಸಿಕೊಂಡೆನೆ?

2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯನ್ನು ಈಚೆಗೆ ಓದಿದೆ. ಅದನ್ನು ಆಧರಿಸಿ ಗಿರೀಶ್ ಕಾಸರವಳ್ಳಿಯವರು 2004ರಲ್ಲಿ ನಿರ್ದೇಶಿಸಿದ ‘ಹಸೀನಾ’ ಚಿತ್ರವನ್ನೂ ರಾಜಾಜಿನಗರದ ನಮ್ಮ ಮನೆಯಲ್ಲಿ ಕುಳಿತು ನೋಡಿದೆ. ಗಂಡ ಕೈಬಿಟ್ಟ ತಾಯಿಯೊಬ್ಬಳು ಹೆಣ್ಣುಮಕ್ಕಳೊಡನೆ ಮಸೀದಿಯ ಮುಂದೆ ನ್ಯಾಯ ಬೇಡುತ್ತಾಳೆ. ನನಗೆ ಅಳು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಮನೆಗೆಲಸದಾಕೆ ಬಂದು, “ಅಮ್ಮಾ, ಈ ತಿಂಗಳ ಸಂಬಳ ಮುಂಗಡ ಕೊಡ್ತೀರಾ?” ಎಂದಳು. “ಆಮೇಲೆ ನೋಡೋಣ” ಎಂದೆ. ಅವಳ ಗಂಡನೂ ಮನೆ ಬಿಟ್ಟು ಹೋದವನೇ.

ಪ್ರಿಯ ಓದುಗರೇ, ಪರದೆಯ ಮೇಲಿನ ಹಸೀನಾ ನಮ್ಮಿಂದ ಏನನ್ನೂ ಕೇಳುವುದಿಲ್ಲ. ಆದ್ದರಿಂದಲೇ ಅವಳಿಗಾಗಿ ಅಳುವುದು ಸುಲಭ. ಒಳ್ಳೆಯ ಕಥೆ ಮನಸ್ಸನ್ನು ಮೃದುಗೊಳಿಸುತ್ತದೆ, ನಿಜ. ಅತ್ತೊಡನೆ ಕರ್ತವ್ಯ ಮುಗಿಯಿತೆಂಬ ಭ್ರಮೆಯನ್ನೂ ತರಬಲ್ಲದು.

ಸಂಜೆ ಹಣ ಹಿಡಿದು ಹೊರಟೆ. ಆರು ವರ್ಷ ನಮ್ಮ ಮನೆಯಲ್ಲಿ ದುಡಿದವಳ ಮನೆ ಯಾವ ಬೀದಿಯಲ್ಲಿದೆ ಎಂಬುದೇ ನನಗೆ ತಿಳಿದಿರಲಿಲ್ಲ.