ಬೇಸಿಗೆ ತುದಿಯ ಹೂಗಳು

ನೀರುಂಡ ಗಿಡ ಎಲೆ ಬಿಡುತ್ತದೆ. ಬಾಯಾರಿದ ಗಿಡ ಹೂ ಬಿಡುತ್ತದೆ.

ಅರಕಲಗೂಡಿನ ಪಶ್ಚಿಮದಂಚಿಗೆ ಮಲೆನಾಡಿನ ತಂಪು, ಚನ್ನರಾಯಪಟ್ಟಣಕ್ಕೆ ಬಯಲುಸೀಮೆಯ ಬಿಸಿಲು. ಒಂದೇ ಬೋಗನ್‌ವಿಲ್ಲಾದ ಎರಡು ಕಡ್ಡಿ ಅಲ್ಲೊಂದು ಇಲ್ಲೊಂದು ನೆಟ್ಟರೆ, ತಂಪಿನದು ಹಸಿರಾಗಿ ಹಬ್ಬುತ್ತದೆ, ಬಿಸಿಲಿನದು ಬಣ್ಣವಾಗಿ ಉರಿಯುತ್ತದೆ. ಸುಖಪಟ್ಟದ್ದು ಯಾವುದು ಎಂದು ಗಿಡ ಹೇಳುವುದಿಲ್ಲ.

ಆ ಬಣ್ಣವೂ ಹೂವಿನದಲ್ಲ. ರಂಗೇರಿದ ಮೂರು ಎಲೆಗಳ ನಡುವೆ, ಸಣ್ಣ ಕೊಳವೆಯ ತುದಿಯಲ್ಲಿ ಬೆಳ್ಳಗೆ ಬಾಯಿ ತೆರೆದಿರುವುದೇ ಹೂ. ಜನ ಹೊದಿಕೆಯನ್ನು ಹೊಗಳಿ ಹೋಗುತ್ತಾರೆ. ಚಿಟ್ಟೆ ಮಾತ್ರ ನಡುವಿಗೆ ಇಳಿಯುತ್ತದೆ.

ಮಲ್ಲಿಗೆಯನ್ನು ಮೊಗ್ಗಿನಲ್ಲೇ ಬಿಡಿಸುತ್ತಾರೆ. ಅದು ಅರಳುವುದು ಬಳ್ಳಿಯಲ್ಲಲ್ಲ, ಮುಡಿಯಲ್ಲಿ. ಹೆತ್ತ ಬಳ್ಳಿಗೆ ಆ ಪರಿಮಳ ಗೊತ್ತೇ ಇಲ್ಲ.

ಮಲ್ಲಿಗೆಗೆ ಪರಿಮಳವಿದೆ, ಆಯುಷ್ಯವಿಲ್ಲ. ಕನಕಾಂಬರಕ್ಕೆ ಆಯುಷ್ಯವಿದೆ, ಪರಿಮಳವಿಲ್ಲ. ಎರಡನ್ನೂ ಒಂದೇ ಬಾಳೆನಾರಿನಲ್ಲಿ ಕಟ್ಟಬಲ್ಲವಳಿಗೆ ಬೇರೆ ಶಾಸ್ತ್ರ ಬೇಕಿಲ್ಲ.

ಹೇಮಾವತಿ ಬಂಡೆ ತೋರುವ ಮೇ ತಿಂಗಳಲ್ಲಿ ಹೊಳೆನರಸೀಪುರದ ಹಿತ್ತಲಿಗೆ ಸಿಗುವುದು ಅಕ್ಕಿ ತೊಳೆದ ನೀರು, ಬಚ್ಚಲ ನೀರು. ಮನೆಯ ಕೊಳೆ ಕುಡಿದು ದೇವರಿಗೆ ಹೂ ಕೊಡುವ ದಾಸವಾಳದ ಮುಂದೆ ಮಡಿಯ ಮಾತು ನಿಲ್ಲುವುದಿಲ್ಲ.

ಅರಕಲಗೂಡು ತಾಲ್ಲೂಕಿನ ಹೊಗೆಸೊಪ್ಪಿನ ಹೊಲದಲ್ಲಿ, ಎಲೆ ದಪ್ಪಗಾಗಲೆಂದು ಹೂವಿನ ಕುಡಿಯನ್ನು ಚಿವುಟಿ ಎಸೆಯುತ್ತಾರೆ. ಅದೇ ಕೈ ಮನೆಗೆ ಬಂದು, ಹೂ ಬರಲೆಂದು ಮಲ್ಲಿಗೆಯ ಸೊಪ್ಪು ಸವರುತ್ತದೆ. ರಾಮನಾಥಪುರದ ತಂಬಾಕು ಹರಾಜಿನಲ್ಲಿ ಹೂವಿಗೆ ಬೆಲೆಯಿಲ್ಲ; ದೇವರ ಮನೆಯಲ್ಲಿ ಆ ಎಲೆಗೆ ಜಾಗವಿಲ್ಲ.

ಮೇ ಫ್ಲವರ್‌ನ ಗೆಡ್ಡೆ ಚಳಿಗಾಲದಿಂದಲೂ ಗುರುತಿಲ್ಲದೆ ಮಲಗಿರುತ್ತದೆ. ಬೇಸಿಗೆ ಮಳೆ ಮಣ್ಣು ಮುಟ್ಟಿದ ಮೇಲೆ ಕೆಂಪು ಚೆಂಡು ಮೊದಲು ಏಳುತ್ತದೆ, ಎಲೆ ಆಮೇಲೆ. ಕೆಲಸ ಮುಗಿಸಿ ಪರಿಚಯ ಹೇಳಿಕೊಳ್ಳುವವರು ಅಪರೂಪ.

ದೇವಗಣಗಿಲೆ ಮೆಕ್ಸಿಕೊ ಕಡೆಯದು, ನಿತ್ಯಪುಷ್ಪ ಮಡಗಾಸ್ಕರಿನದು. ದೇವರ ತಲೆ ಏರಿದ ಹೂವಿನ ಊರನ್ನು ಯಾರೂ ಕೇಳುವುದಿಲ್ಲ. ಹೊಳೆನರಸೀಪುರದಿಂದ ಬಂದ ಸೊಸೆ ಮಾತ್ರ ಮುಪ್ಪಿನಲ್ಲೂ ‘ಹೊಳೆನರಸೀಪುರದವಳು’.

ನಿತ್ಯಪುಷ್ಪವನ್ನು ಮುಡಿಯುವವರಿಲ್ಲ, ಗೋಡೆಯ ಬಿರುಕಿನಲ್ಲಿ ತಾನೇ ಹುಟ್ಟುತ್ತದೆ. ಅದರಿಂದ ತೆಗೆದ ವಿಂಕ್ರಿಸ್ಟಿನ್ ರಕ್ತದ ಕ್ಯಾನ್ಸರ್ ಬಂದ ಮಕ್ಕಳಿಗೆ ಔಷಧ. ಹಿತ್ತಲ ಗಿಡ ಮದ್ದಲ್ಲ ಎಂದವರು ಹಿತ್ತಲನ್ನು ಸರಿಯಾಗಿ ನೋಡಿರಲಾರರು.

ಹಾಸನಾಂಬೆಯ ಗುಡಿ ಆಶ್ವಯುಜದಲ್ಲಿ ಕೆಲವು ದಿನ ತೆರೆದು, ಬಲಿಪಾಡ್ಯಮಿ ಕಳೆದು ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಮುಂದಿನ ವರ್ಷ. ಒಳಗಿಟ್ಟ ಹೂ ಅಲ್ಲಿಯವರೆಗೂ ಬಾಡದು ಎಂಬುದು ಭಕ್ತರ ನಂಬಿಕೆ. ಮನೆಯ ದೇವರಿಗೆ ಏರಿಸಿದ ಹೂವೋ, ನಾಳೆಗೆ ನಿರ್ಮಾಲ್ಯ. ಬಾಡದ ಹೂವಿಗಾಗಿ ವರ್ಷಕ್ಕೊಮ್ಮೆ ಸಾಲಿನಲ್ಲಿ ನಿಲ್ಲುತ್ತೇವೆ. ಬಾಡುವ ಹೂ ದಿನಾ ಬೆಳಿಗ್ಗೆ ಗಿಡದ ಬುಡಕ್ಕೆ ಕರೆಯುತ್ತದೆ. ಭಕ್ತಿಯನ್ನು ಬಾಳಿಸಿರುವುದು ಎರಡನೆಯದು.

ಪ್ಲಾಸ್ಟಿಕ್ ಮಾಲೆ ಬಾಡುವುದಿಲ್ಲ. ಅದನ್ನು ಯಾರೂ ಕಣ್ಣಿಗೊತ್ತಿಕೊಳ್ಳುವುದೂ ಇಲ್ಲ.

ಶ್ರವಣಬೆಳಗೊಳದ ಬಾಹುಬಲಿಯ ತೊಡೆ ತೋಳುಗಳನ್ನು ಮಾಧವಿ ಬಳ್ಳಿ 981ರ ಸುಮಾರಿನಿಂದ ತಬ್ಬಿ ನಿಂತಿದೆ. ಹನ್ನೆರಡು ವರ್ಷಕ್ಕೊಮ್ಮೆ ಹಾಲು, ನೀರು, ಹೂಮಳೆ; 2018ರಲ್ಲೂ ಸುರಿಯಿತು. ಒಂದು ಚಿಗುರೂ ಹೆಚ್ಚಲಿಲ್ಲ. ಬೆಟ್ಟದ ಬುಡದ ಹಿತ್ತಲಲ್ಲಿ ಒಂದು ಬಿಂದಿಗೆ ನೀರಿಗೆ ಬಳ್ಳಿ ಮೈ ತುಂಬುತ್ತದೆ. ಕಲ್ಲು ಉಳಿಯಿತು, ಬೆಳೆಯಲಿಲ್ಲ. ಇದು ಬೆಳೆಯುತ್ತದೆ, ಉಳಿಯುವುದಿಲ್ಲ.

ನೀರು ಹೊಯ್ದವರು ಬೇಲಿಯ ಒಳಗಿರುತ್ತಾರೆ. ಸಂಪಿಗೆಯ ಕೊಂಬೆ ಬೀದಿಗೆ ಬಾಗುತ್ತದೆ. ಸಾಕಿದ್ದೆಲ್ಲ ಸ್ವಂತದ್ದು ಎಂಬ ಲೆಕ್ಕ ಅಲ್ಲಿಗೆ ಮುಗಿಯಿತು.

ಸಂಜೆಮಲ್ಲಿಗೆ ಬಿಸಿಲಿಗೆ ಎದುರಾಡುವುದಿಲ್ಲ. ಇಳಿಯಲಿ ಎಂದು ಕಾಯುತ್ತದೆ. ಬೇಸಿಗೆಯನ್ನು ಗೆಲ್ಲುವ ಇನ್ನೊಂದು ಬಗೆ ಇದು.

ಮೇ 25ರ ಸುಮಾರಿಗೆ ರೋಹಿಣಿ ಮಳೆ ಹುಟ್ಟುತ್ತದೆ. ದಾಸವಾಳದ ಕಡ್ಡಿ ಊರುವವರು ಅಷ್ಟರೊಳಗೆ ಗುಂಡಿ ತೋಡಿಡಿ. ಪಕ್ಕದ ಮನೆಗೂ ಒಂದು ಕಡ್ಡಿ ತೆಗೆದಿಡಿ.