ಅಳಿಸಿದವರು ಮತ್ತು ಬಚ್ಚಿಟ್ಟವರು

1974ರ ಏಪ್ರಿಲ್ 6ರಂದು ಕ್ಯಾಲಿಫೋರ್ನಿಯಾದ ಒಂಟಾರಿಯೊದಲ್ಲಿ ಡೀಪ್ ಪರ್ಪಲ್ ತಂಡದ ರಿಚಿ ಬ್ಲ್ಯಾಕ್‌ಮೋರ್ ತನ್ನ ಗಿಟಾರಿನಿಂದ ಎಬಿಸಿ ಟೀವಿಯ ಕ್ಯಾಮೆರಾಕ್ಕೇ ಬಡಿದ. ತನಗೂ ಪ್ರೇಕ್ಷಕರಿಗೂ ನಡುವೆ ಅದು ಅಡ್ಡ ಬಂತೆಂಬ ಸಿಟ್ಟು. ಹಳೆಯ ಟೀವಿ ಸಂಗೀತ ಕಾರ್ಯಕ್ರಮಗಳನ್ನು ಕೂಡಿಡುವವರು ಇಂದಿಗೂ ಕಣ್ಣಿಗೊತ್ತಿಕೊಳ್ಳುವುದು ಆ ತುಣುಕನ್ನೇ.

ಇವರನ್ನು ಕಳ್ಳರೆನ್ನೋಣವೇ? ಹಕ್ಕು ಇವರದಲ್ಲ, ಅನುಮತಿ ಕೇಳಿದವರೂ ಕಡಿಮೆ. ಆದರೆ ಹಕ್ಕಿದ್ದವರು ಮಾಡಿದ್ದೇನು? ಟೇಪು ದುಬಾರಿಯೆಂದು ಬಿಬಿಸಿ ತನ್ನ 'ಟಾಪ್ ಆಫ್ ದಿ ಪಾಪ್ಸ್'ನ ನೂರಾರು ಕಂತುಗಳನ್ನು ಅಳಿಸಿ, ಅದರ ಮೇಲೆ ಬೇರೇನೋ ತುಂಬಿತು. 1973ರ ಜನವರಿಯಲ್ಲಿ ಡೇವಿಡ್ ಬೋವಿ ಹಾಡಿದ್ದೂ ಹಾಗೆಯೇ ಹೋಯಿತು. (ಬೋವಿ ಹಾರ್ಡ್ ರಾಕಿನವನೇ ಎಂದು ಜಗಳ ತೆಗೆಯುವವರು ತೆಗೆಯಲಿ.) 2011ರಲ್ಲಿ ಅದು ಮರಳಿ ಸಿಕ್ಕಿತು. ಅಂದು ಕ್ಯಾಮೆರಾ ಹಿಡಿದಿದ್ದವರೊಬ್ಬರು ತಮಗೆಂದು ಒಂದು ಪ್ರತಿ ಇಟ್ಟುಕೊಂಡಿದ್ದರು.

ಒಡೆತನವಿದ್ದರೆ ಅಳಿಸುವ ಹಕ್ಕೂ ಇರುತ್ತದೆಂಬುದನ್ನು ನಾವು ಒಪ್ಪಲಾರೆವು. ಅಮಾನತ್ ಎಂಬ ಮಾತು ಇಲ್ಲಿ ನೆರವಿಗೆ ಬರುತ್ತದೆ: ಕೈಯಲ್ಲಿರುವುದು ನಮ್ಮದಲ್ಲ, ಕಾಯುವ ಹೊಣೆ ಮಾತ್ರ ನಮ್ಮದು. ಕಾದದ್ದನ್ನು ಕೇಳಿದಾಗ ಕೊಡಲೂ ಬೇಕಲ್ಲ! "ನನ್ನ ಹತ್ತಿರ ಮಾತ್ರ ಇದೆ" ಎಂದು ಬೀರುವಿಗೆ ಬೀಗ ಜಡಿದು ಕೂತವನಿಗೂ ಟೇಪು ಅಳಿಸಿದವನಿಗೂ ನೋಡುವವರ ಪಾಲಿಗೆ ಏನು ವ್ಯತ್ಯಾಸ? ಆ ಕ್ಯಾಮೆರಾದವರು ಕೊಟ್ಟರು.

ಬ್ಲ್ಯಾಕ್‌ಮೋರ್‌ನ ಪೆಟ್ಟಿಗೆ ಮಾತ್ರ ನಮ್ಮಲ್ಲಿ ಉತ್ತರವಿಲ್ಲ. ಆತ ದೂರವಿಡಬಯಸಿದ ಕಣ್ಣಿನಿಂದಲೇ ಆತನನ್ನು ಇಂದಿಗೂ ನೋಡುತ್ತಿದ್ದೇವೆ.